ಎಂಟು ಊರಿಗೆ ಒಂದೇ ಎಳೆ

ಪರಿಮಳಾ ನನ್ನ ಮೇಲೆ ಸಿಟ್ಟಾಗಿ ಎರಡು ವರ್ಷವಾಯಿತು. ಇಳಿಸಿಕೋ ಎಂದು ನಾನು ಕೇಳಿಲ್ಲ, ಕೇಳುವ ಮುಖವೂ ನನಗಿಲ್ಲ. ಆಕೆಗೆ ಅನ್ಯಾಯ ಮಾಡಿದವರಲ್ಲಿ ನನಗಿಂತ ದೊಡ್ಡವರಿದ್ದರು, ನನಗಿಂತ ಕೆಟ್ಟವರೂ ಇದ್ದರು. ಆದರೆ ಅವರಿಂದ ಆಕೆ ಬೇರೇನನ್ನೂ ನಿರೀಕ್ಷಿಸಿರಲಿಲ್ಲ. ನಾನು ಮಾಸ್ತರ. ನನ್ನಿಂದ ನಿರೀಕ್ಷಿಸಿದ್ದಳು.

ನನ್ನ ಹೆಸರು ವಿಶ್ವರಾಧ್ಯ. ಸುರಪುರದಿಂದ ಕೊಡೇಕಲ್ ಕಡೆಗೆ ಹೋಗುವಾಗ ದಾರಿಯಿಂದ ಒಳಗೆ ಸರಿದರೆ ಹಿರೇಬಾವಿ ಎಂಬ ಊರು ಸಿಗುತ್ತದೆ. ಅಲ್ಲಿಯ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಹೇಳುತ್ತೇನೆ. ನಮ್ಮ ಗಣಿತದ ಮಾಸ್ತರಿಗೆ ವರ್ಗವಾಗಿ ಮೂರು ವರ್ಷ ಆ ಕುರ್ಚಿ ಖಾಲಿ ಇತ್ತು. ಸುತ್ತಲಿನ ಶಾಲೆಗಳದೂ ಅದೇ ಪಾಡು. ಅದಕ್ಕೆಂದೇ ಒಂದು ಯೋಜನೆ ಬಂತು. ಯಾದಗಿರಿಯಲ್ಲಿ ಒಂದು ಕೋಣೆ, ಅದರಲ್ಲಿ ಒಬ್ಬ ಒಳ್ಳೆಯ ಗಣಿತದ ಶಿಕ್ಷಕಿ, ಎದುರಿಗೆ ಕ್ಯಾಮೆರಾ. ಬೆಳಿಗ್ಗೆ ಹತ್ತೂವರೆಗೆ ಆಕೆ ಪಾಠ ಶುರುಮಾಡಿದರೆ ಜಿಲ್ಲೆಯ ನಲವತ್ತು ಶಾಲೆಗಳ ಪರದೆಯ ಮೇಲೆ ಅದೇ ಹೊತ್ತಿಗೆ ಕಾಣಬೇಕು. ಕೆಲಸ ಹಿಡಿದದ್ದು ಹೊರಗಿನ ಒಂದು ಕಂಪನಿ. ಅದರ ಕೈಕೆಳಗೆ ಕೇಬಲ್ಲು ಜೋಡಿಸುವವಳು ಪರಿಮಳಾ.

ಆಕೆ ದೋರನಹಳ್ಳಿಯವಳು. ಅಪ್ಪ ತಿಮ್ಮಣ್ಣ ಯಾದಗಿರಿ–ಶಹಾಪುರ ರಸ್ತೆಯ ಪಕ್ಕ ಮೊದಲ ಫೈಬರ್ ಕೇಬಲ್ ಹಾಕಿದಾಗ ತಗ್ಗು ತೋಡಿದ ಕೂಲಿಗಳಲ್ಲಿ ಒಬ್ಬ. ಕಲ್ಲು ಬಂಡೆಯ ನೆಲ. ಹಾರೆ ಹಿಡಿದು ಅಂಗೈ ಒಡೆದಿತ್ತು. ಆ ಕಪ್ಪು ಪೈಪಿನೊಳಗೆ ಏನು ಹೋಗುತ್ತದೆ ಎಂದು ಮಗಳು ಕೇಳಿದರೆ, ‘ಫೋನ್ ಹೋಗ್ತದಂತ’ ಎಂದಷ್ಟೇ ಅವನಿಗೆ ಹೇಳಲು ಬರುತ್ತಿತ್ತು. ಮಗಳು ಅದನ್ನು ಅಷ್ಟಕ್ಕೆ ಬಿಡಲಿಲ್ಲ. ಐಟಿಐ ಓದಿದಳು, ಹೈದರಾಬಾದಿಗೆ ಹೋಗಿ ಎರಡು ತಿಂಗಳು ಜೋಡಣೆ ಕಲಿತು ಬಂದಳು. ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಎರಡು ತುದಿ ನೇರವಾಗಿ ಕತ್ತರಿಸಿ, ಒರೆಸಿ, ಯಂತ್ರದಲ್ಲಿ ಎದುರುಬದುರು ಇಟ್ಟು ಒಂದು ಕಿಡಿಯಲ್ಲಿ ಕರಗಿಸಿ ಕೂಡಿಸಬೇಕು. ಧೂಳಿನ ಒಂದು ಕಣ ಸಿಕ್ಕಿಕೊಂಡರೂ ಬೆಳಕು ಅಲ್ಲಿ ಸೋರುತ್ತದೆ. ನಮ್ಮ ಕಡೆಯ ಗಾಳಿಯಲ್ಲಿ ಧೂಳಿಗೇನು ಬರ. ಆಕೆ ರಸ್ತೆ ಬದಿಗೆ ಹಳೆಯ ಸೀರೆಯ ಪರದೆ ಕಟ್ಟಿ, ಒಳಗೆ ಕೂತು, ಬೆವರು ಸುರಿಸುತ್ತ ಜೋಡಿಸುತ್ತಿದ್ದಳು. ಒಂದೊಂದು ಜಾಯಿಂಟಿನ ರೀಡಿಂಗನ್ನೂ ಸ್ವಂತ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದಳು. ಯಾರೂ ಬರೆ ಎಂದು ಹೇಳಿರಲಿಲ್ಲ. ತನ್ನಂಥವಳ ಕೆಲಸವನ್ನು ಯಾರಾದರೂ ಒಂದು ದಿನ ತಪ್ಪೆಂದು ಬೊಟ್ಟು ಮಾಡಿ ತೋರಿಸುತ್ತಾರೆ ಎಂಬುದು ಆಕೆಗೆ ಮೊದಲೇ ಗೊತ್ತಿತ್ತು.

ಸಿಟ್ಟು ಮೊದಲಿನಿಂದಲೂ ಇತ್ತು. ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮ ‘ಏ ಹುಡುಗಿ’ ಎಂದು ಕರೆದರೆ ತಿರುಗಿ ನೋಡುತ್ತಿರಲಿಲ್ಲವಂತೆ. ‘ನಂಗ ಹೆಸರದ’ ಎನ್ನುತ್ತಿದ್ದಳಂತೆ. ಬುದ್ಧ ವಂದನೆ ಮಾಡುವ ಮನೆಯವಳಿಗೆ ಇಷ್ಟು ಸಿಟ್ಟು ಯಾಕೆ ಎಂದು ಯಾರೋ ನಕ್ಕಾಗ, ‘ಬುದ್ಧ ಸುಮ್ಮ ಕುಂದ್ರು ಅಂತ ಎಲ್ಲಿ ಹೇಳ್ಯಾನ’ ಎಂದು ಕೇಳಿದಳಂತೆ. ಇದೆಲ್ಲ ಕಂಪನಿಯ ಜೀಪಿನ ಡ್ರೈವರ್ ಮನ್ಸೂರಅಲಿ ನನಗೆ ಆಮೇಲೆ ಹೇಳಿದ್ದು.

ಯೋಜನೆಯ ಇಂಜಿನಿಯರ್ ಶಹಾಪುರದ ಪ್ರವೀಣಕುಮಾರ. ಬುದ್ಧಿವಂತ, ಮೃದು ಮಾತಿನವ, ಮೇಲಿನವರ ಫೋನು ಬಂದರೆ ಎದ್ದು ನಿಲ್ಲುವವ. ಅವನು ಬರೆದ ಮೊದಲ ನಕ್ಷೆ ಬಹಳ ಚೆನ್ನಾಗಿತ್ತು ಎಂದು ಪರಿಮಳಾ ಈಗಲೂ ಹೇಳುತ್ತಾಳೆ. ನಲವತ್ತು ಶಾಲೆಗೆ ನಲವತ್ತು ಸಲ ಒಂದೇ ಪಾಠ ಕಳಿಸುವುದು ದಡ್ಡತನ. ಯಾದಗಿರಿಯಿಂದ ಒಂದೇ ಸಲ ಹೊರಡಲಿ, ದಾರಿ ಎಲ್ಲಿ ಒಡೆಯುತ್ತದೋ ಅಲ್ಲಿ ಮಾತ್ರ ಅದರ ಪ್ರತಿ ಆಗಲಿ. ಮಲ್ಟಿಕಾಸ್ಟ್ ಎಂದು ಅದಕ್ಕೆ ಹೆಸರು. ಶಹಾಪುರ ದಾಟಿ ಸುರಪುರದ ತನಕ ಒಂದೇ ಎಳೆಯಲ್ಲಿ, ಒಂದೇ ಬಣ್ಣದ ಬೆಳಕು. ಸುರಪುರದಲ್ಲಿ ಅದಕ್ಕೆ ಮತ್ತೆ ಬಲ ಕೊಡುವ ಯಂತ್ರ. ಅಲ್ಲಿಂದ ಇಪ್ಪತ್ತು ಕಿಲೋಮೀಟರಿಗೆ ಕರಿಬಂಡಿ ಎಂಬ ಊರು. ಅಲ್ಲಿ ರಸ್ತೆ ಮೂರಾಗಿ ಒಡೆದು ಎಂಟು ಹಳ್ಳಿಗೆ ಹೋಗುತ್ತದೆ. ಆ ಎಂಟರಲ್ಲಿ ಕೊನೆಯದು ನಮ್ಮ ಹಿರೇಬಾವಿ. ಕರಿಬಂಡಿಯ ಕೂಡುರಸ್ತೆಯಲ್ಲಿ ಸ್ಪ್ಲಿಟರ್ ಎಂಬ ಬೆರಳುದ್ದದ ಗಾಜಿನ ತುಂಡು ಇಟ್ಟರೆ ಬಂದ ಬೆಳಕು ಎಂಟು ಸಮಪಾಲಾಗುತ್ತದೆ. ಎಂಟೂ ಊರಿಗೆ ಹೆಚ್ಚು ಕಡಿಮೆ ಒಂದೇ ಅಳತೆ. ಮೀಟರಿನ ಭಾಷೆಯಲ್ಲಿ ಮೈನಸ್ ಹದಿನೇಳು. ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಇಪ್ಪತ್ತೇಳು ದಾಟಿದರೆ ಶಾಲೆಯಲ್ಲಿ ಬೆಳಕು ಹಿಡಿಯುವ ಡಬ್ಬಿಗೆ ಕಣ್ಣು ಕಾಣುವುದಿಲ್ಲ.

ಕೂಡುರಸ್ತೆಗೆ ಹತ್ತಿಕೊಂಡು ಇರುವುದು ಕರಿಬಂಡಿಯ ಕೇರಿ. ಕೇರಿಯ ಸಮುದಾಯ ಭವನದ ಗೋಡೆಯೇ ಮೂರೂ ಕೇಬಲ್ಲುಗಳಿಗೆ ಹತ್ತಿರ. ಕೇರಿಯವರು ಹೂಂ ಎಂದರು. ಭವನದ ಹಿಂದಿನ ಕೋಣೆ ಖಾಲಿ ಮಾಡಿ ಸುಣ್ಣ ಹಚ್ಚಿದರು.

ಸ್ಪ್ಲಿಟರಿನ ಡಬ್ಬಿ ಕೂಡಿಸುವ ದಿನ ಕರಿಬಂಡಿಯ ಹತ್ತಿ ಮಿಲ್ಲಿನ ಸಾವ್ಕಾರ ಬಂದ. ಅವನ ಮಿಲ್ಲು ಸುರಪುರದ ಕಡೆಗೆ, ಕೂಡುರಸ್ತೆಗಿಂತ ನಾಲ್ಕು ಕಿಲೋಮೀಟರ್ ಹಿಂದೆ.

‘ಎಂಟೂರಿಗಿ ಹೋಗೋದು ಕೇರಿಯಿಂದ ಹೊಂಡಬೇಕೇನ್ರಿ ಇಂಜಿನಿಯರ್ರ?’ ಎಂದ. ‘ನಮ್ಮ ಮಿಲ್ಲಿನಾಗ ಜಗಾ ಅದ. ಕರೆಂಟ್ ಅದ, ಕಾವಲು ಅದ. ನಾಳಿ ಮಂದಿ ನಮಗ ಏನಂತಾರ?’

ಪರಿಮಳಾ ಹೇಳಿದಳು: ‘ಅದಕ್ಕ ಕರೆಂಟ್ ಬೇಕಾಗಿಲ್ರಿ. ಕಾವಲೂ ಬೇಕಾಗಿಲ್ಲ. ಗಾಜಿನ ತುಂಡದು. ಮೂರೂ ದಾರಿ ಕೂಡೋದು ಇಲ್ಲಿ, ಮಿಲ್ಲಿನಾಗ ಅಲ್ಲ.’

ಸಾವ್ಕಾರ ಆಕೆಯ ಕಡೆಗೆ ನೋಡಲಿಲ್ಲ. ಇಂಜಿನಿಯರನ್ನೇ ಕೇಳಿದ: ‘ಈಕಿ ಯಾರ ಮಗಳು?’

ದೋರನಹಳ್ಳಿ ತಿಮ್ಮಣ್ಣನ ಮಗಳು ಎಂದು ಯಾರೋ ಹೇಳಿದರು. ಯಾವ ಕೇರಿ ಎಂಬುದನ್ನೂ ಸೇರಿಸಿದರು.

‘ಹಂಗನ್ರಿ’ ಎಂದು ಸಾವ್ಕಾರ ನಕ್ಕ. ಅಷ್ಟೇ. ಬೈಯಲಿಲ್ಲ, ಕೈ ಎತ್ತಲಿಲ್ಲ. ಫೋನು ತೆಗೆದು ಯಾರಿಗೋ ಹಚ್ಚಿದ. ಕಾಲು ಗಂಟೆಯಲ್ಲಿ ಪ್ರವೀಣಕುಮಾರನ ಫೋನು ಬಡಿದುಕೊಂಡಿತು. ಅವನು ಎದ್ದು ನಿಂತು, ‘ಹೌದ್ರಿ ಸರ್, ಆಯ್ತ್ರಿ ಸರ್’ ಎಂದ.

ಡಬ್ಬಿ ಮಿಲ್ಲಿಗೆ ಹೋಯಿತು. ಆದರೆ ಮಿಲ್ಲಿನಿಂದ ಕೂಡುರಸ್ತೆಯ ತನಕ ಕೇಬಲ್ಲಿನಲ್ಲಿ ಖಾಲಿ ಇದ್ದದ್ದು ಎರಡೇ ಎಳೆ. ಎಂಟು ಪಾಲನ್ನು ಬೇರೆಬೇರೆಯಾಗಿ ಒಯ್ಯಲು ಎಳೆಗಳಿರಲಿಲ್ಲ. ಹೊಸ ಕೇಬಲ್ ಹಾಕಲು ಕಂಪನಿಗೆ ಮನಸ್ಸಿರಲಿಲ್ಲ. ಹಾಗಾಗಿ ಸರಪಳಿ ಮಾಡಿದರು. ಮೊದಲ ಊರು ಬಂದ ಬೆಳಕಿನಲ್ಲಿ ಅರ್ಧ ತನಗಿಟ್ಟುಕೊಂಡು ಉಳಿದರ್ಧ ಮುಂದೆ ಕಳಿಸಬೇಕು. ಎರಡನೆಯ ಊರು ಆ ಅರ್ಧದಲ್ಲಿ ಅರ್ಧ. ಮೂರನೆಯದು ಅದರಲ್ಲಿ ಅರ್ಧ. ನಮ್ಮ ಕಡೆ ಕಾಲುವೆಯ ಕೊನೆಗೆ ಹೊಲ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರಿಮಳಾ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಇಂಜಿನಿಯರಿನ ಕೈಗೆ ಪೆನ್ನು ಕೊಟ್ಟಳು.

‘ಲೆಕ್ಕ ಹಾಕ್ರಿ ಸರ್. ಕಡೀ ಊರಿಗಿ ಏನು ಮುಟ್ತದ?’

‘ಪರಿಮಳಾ, ಮ್ಯಾಲಿನವರು ಹೇಳ್ಯಾರ.’

‘ಮ್ಯಾಲಿನವರಿಗಿ ಲೆಕ್ಕ ಬರಲ್ಲ. ನಿಮಗ ಬರ್ತದ. ಹಾಕ್ರಿ.’

ಅವನು ಹಾಕಿದ. ಐದನೆಯ ಊರಿಗೆ ಮೈನಸ್ ಇಪ್ಪತ್ನಾಲ್ಕು. ಆರನೆಯದಕ್ಕೆ ಇಪ್ಪತ್ತೆಂಟೂವರೆ. ಎಂಟನೆಯದಕ್ಕೆ ಮೂವತ್ನಾಲ್ಕು. ಬರೆದ ಮೇಲೆ ಪೆನ್ನಿನ ಟೊಪ್ಪಿಗೆ ಹಾಕಿ ಕಿಸೆಯಲ್ಲಿಟ್ಟುಕೊಂಡ.

‘ಮೂರೂರು ಕುರುಡು ಆಗ್ತಾವ. ಗೊತ್ತದ ನಿಮಗ.’

‘ಗೊತ್ತದ.’

‘ಬರದು ಕೊಡ್ರಿ ಹಂಗಾದ್ರ.’

ಅವನು ಬರೆದು ಕೊಡಲಿಲ್ಲ. ಆಕೆ ಅಂದೇ ಕೆಲಸ ಬಿಡುತ್ತಿದ್ದಳು. ಮನೆಯಲ್ಲಿ ತಿಮ್ಮಣ್ಣ ಬೇಡವೆಂದ. ಬಿಟ್ಟರೆ ಬೇರೆ ಯಾರನ್ನೋ ತಂದು ಜೋಡಿಸುತ್ತಾರೆ, ಆಮೇಲೆ ನಿನ್ನ ಮಾತಿಗೆ ಸಾಕ್ಷಿಯೇ ಇರುವುದಿಲ್ಲ ಎಂದನಂತೆ. ಆಕೆ ಹಲ್ಲು ಕಚ್ಚಿ ಮೂವತ್ತೊಂದು ಜಾಯಿಂಟು ಮಾಡಿದಳು. ಒಂದೊಂದನ್ನೂ ನೋಟುಬುಕ್ಕಿನಲ್ಲಿ ಬರೆದಳು. ಆ ಸರಪಳಿಯ ಮೊದಲ ಊರಿನಲ್ಲಿ ಬೆಳಕು ಅತಿಯಾಗಿ ಡಬ್ಬಿಯ ಕಣ್ಣು ಕುಕ್ಕಿತು. ಅದಕ್ಕೆ ಬೆಳಕನ್ನು ಬೇಕೆಂದೇ ಮಂದ ಮಾಡುವ ಒಂದು ತುಂಡು ಸಿಗಿಸಬೇಕಾಯಿತು. ಒಂದು ಊರಿನಲ್ಲಿ ಹೆಚ್ಚಾದದ್ದನ್ನು ಚೆಲ್ಲುವುದು, ಮೂರು ಊರು ಕತ್ತಲಲ್ಲಿರುವುದು. ಆ ತುಂಡನ್ನು ಆಕೆಯ ಕೈಯಿಂದಲೇ ಹಾಕಿಸಿದರು.

ಜುಲೈಯಲ್ಲಿ ಯೋಜನೆ ಶುರುವಾಯಿತು. ಐದು ಊರಿಗೆ ಪಾಠ ಕಂಡಿತು. ಉಳಿದ ಮೂರರಲ್ಲಿ ಪರದೆ ಕಪ್ಪು. ಕಂಪನಿಯವರು ಅದಕ್ಕೊಂದು ಉಪಾಯ ಮಾಡಿದರು. ಆ ಮೂರು ಶಾಲೆಗೆ ಮಾತ್ರ ಮೊಬೈಲ್ ಟವರಿನ ಮೂಲಕ ಯಾದಗಿರಿಯಿಂದ ಬೇರೆಬೇರೆಯಾಗಿ ಕಳಿಸುವುದು. ಒಂದೇ ಪಾಠ, ಮೂರು ಪ್ರತಿ, ಒಂದೇ ಸಣ್ಣ ದಾರಿಯಲ್ಲಿ ಒಟ್ಟಿಗೆ ತುರುಕಿದರು. ಹತ್ತೂವರೆಗೆ ಶುರು, ಹತ್ತು ಮೂವತ್ತೇಳಕ್ಕೆ ಜಾಮ್. ಶಿಕ್ಷಕಿಯ ಕೈ ಗಾಳಿಯಲ್ಲಿ ನಿಂತುಬಿಡುತ್ತಿತ್ತು. ಸಮೀಕರಣದ ಎಡಭಾಗ ಕಾಣುತ್ತಿತ್ತು, ಬಲಭಾಗ ಬರುತ್ತಿರಲಿಲ್ಲ. ನಮ್ಮ ಹುಡುಗರು ಎಡಭಾಗ ಬರೆದುಕೊಂಡು ಕಾಯುತ್ತಿದ್ದರು.

ಶಾಲೆಯಲ್ಲೊಂದು ರಿಜಿಸ್ಟರ್ ಇತ್ತು. ದಿನವೂ ‘ಪಾಠ ತಲುಪಿದೆ’ ಎಂಬ ಸಾಲಿನ ಕೆಳಗೆ ಸಹಿ ಮಾಡಿ ಫೋಟೋ ಕಳಿಸಬೇಕು. ಸಹಿ ಇಲ್ಲದ ಶಾಲೆಯ ಪರದೆ ವಾಪಸ್ ಹೋಗುತ್ತದೆ, ಮಾಸ್ತರಿಂದ ಕಾರಣ ಕೇಳುತ್ತಾರೆ ಎಂದು ಮೆಸೇಜು ಬಂದಿತ್ತು. ನಾನು ಸಹಿ ಮಾಡಿದೆ. ಮೊದಲ ದಿನ ಅನುಮಾನಿಸಿ ಮಾಡಿದೆ. ಆಮೇಲೆ ಅದೂ ಇಲ್ಲ. ಹಾಜರಿ ಹಾಕಿದ ಕೈಯಲ್ಲೇ ಹಾಕಿಬಿಡುತ್ತಿದ್ದೆ.

ನವೆಂಬರಿನ ಒಂದು ಬೆಳಿಗ್ಗೆ ಪರಿಮಳಾ ಶಾಲೆಗೆ ಬಂದಳು. ಟಿವಿಎಸ್ ಗಾಡಿಯ ಹಿಂದೆ ಯಂತ್ರದ ಪೆಟ್ಟಿಗೆ ಕಟ್ಟಿತ್ತು. ಮೂರು ಊರಿಗೆ ಬೆಳಕು ಮುಟ್ಟದಿರಲು ಆಕೆಯ ಕೆಟ್ಟ ಜೋಡಣೆಯೇ ಕಾರಣ ಎಂದು ಕಂಪನಿ ಪತ್ರ ಕೊಟ್ಟಿತ್ತು. ಅದಕ್ಕೆ ಎಲ್ಲ ಜಾಯಿಂಟುಗಳನ್ನೂ ಮತ್ತೆ ಅಳೆಯುತ್ತ ಬಂದಿದ್ದಳು. ತರಗತಿಯ ಹಿಂದಿನ ಡಬ್ಬಿ ತೆಗೆದು ಮೀಟರ್ ಹಚ್ಚಿದಳು. ಮೈನಸ್ ಮೂವತ್ನಾಲ್ಕು. ಬಾನೆಟ್ಟಿನ ಮೇಲೆ ಬರೆದ ಅಂಕಿಯೇ. ಎದ್ದು ಪರದೆ ನೋಡಿದಳು, ಹುಡುಗರನ್ನು ನೋಡಿದಳು. ಪರದೆಯ ಮೇಲೆ ಶಿಕ್ಷಕಿಯ ಬಾಯಿ ಅರ್ಧ ತೆರೆದು ನಿಂತಿತ್ತು.

‘ದಿನಾ ಹಿಂಗೇನ್ರಿ ಸರ್?’

‘ಹೂಂ. ಹಿಂಗೇ.’

ಆಕೆಗೆ ಆಗ ಸಂತೋಷವಾಯಿತು ಎಂದೇ ಹೇಳಬೇಕು. ತನ್ನ ಲೆಕ್ಕಕ್ಕೆ ಒಬ್ಬ ಸಾಕ್ಷಿ ಸಿಕ್ಕ ಸಂತೋಷ. ಆಮೇಲೆ ಮೇಜಿನ ಮೇಲಿದ್ದ ರಿಜಿಸ್ಟರ್ ತೆರೆದಳು. ಹಾಳೆ ತಿರುವಿದಳು. ಇನ್ನೊಂದು. ಮತ್ತೊಂದು.

‘ಇದು ನಿಮ್ಮ ಸಹಿನಾ?’

‘ಹೌದು.’

‘ಇವತ್ತಿಂದೂ ಅದ. ಇನ್ನಾ ಹನ್ನೊಂದು ಆಗಿಲ್ಲ. ಪಾಠ ಮುಗಿದಿಲ್ಲ, ಮುಟ್ಯಾದ ಅಂತ ಬರದೀರಿ.’

‘ಬರೀಲಿಲ್ಲಂದ್ರ ಪರದೆ ಒಯ್ತಾರ ಪರಿಮಳಾ. ಇದ್ದಷ್ಟಾದ್ರೂ ಇರಲಿ ಅಂತ.’

‘ಏನು ಇದ್ದಷ್ಟು? ಈ ಬಾಯಿ ತಕ್ಕೊಂಡು ನಿಂತಿದ್ದನ್ನ ಹುಡುಗ್ರಿಗಿ ತೋರಿಸಾಕ ಇಟ್ಕೊಂಡೀರೇನು?’ ದನಿ ಏರಲಿಲ್ಲ. ತರಗತಿಗೆಲ್ಲ ಕೇಳಿಸಿತು. ‘ಸಾವ್ಕಾರ ಸುಳ್ಳು ಹೇಳಿದ್ರ ಅವನ ದಂಧಿ ಅದು. ನಿಮಗೇನು ಬಂದಿತ್ತು? ನನ್ನ ರೀಡಿಂಗ್ ಮ್ಯಾಲ ನಿಮ್ಮ ಸಹಿ ಕೂತಾದ, ನೋಡ್ರಿ. ನಾ ಖರೇ ಹೇಳಿದ್ದೆಲ್ಲ ನೀವು ದಿನಾ ಸುಳ್ಳು ಮಾಡಾಕತ್ತೀರಿ.’

ಆಕೆ ಮೀಟರನ್ನು ಚೀಲಕ್ಕೆ ಹಾಕಿಕೊಂಡು, ಡಿಸೆಂಬರ್ ನಾಲ್ಕಕ್ಕೆ ಯಾದಗಿರಿಯಲ್ಲಿ ಸಭೆ ಇದೆ, ಅಲ್ಲಾದರೂ ಇದ್ದದ್ದು ಹೇಳಿ ಎಂದು ಹೊರಟಳು.

ಸಭೆಗೆ ಹೋದೆ. ಉದ್ದನೆಯ ಮೇಜು, ನೀರಿನ ಬಾಟಲಿಗಳು. ಕಂಪನಿಯ ಮ್ಯಾನೇಜರ್ ದಕ್ಷಿಣದ ಕಡೆಯವರು, ನಯವಾದ ಕನ್ನಡ. ಪರಿಮಳಾ ಎದ್ದು ನಿಂತು ಮೂವತ್ತೊಂದು ಜಾಯಿಂಟಿನ ಅಳತೆ ಓದಿದಳು. ಒಂದೂ ತಪ್ಪಿರಲಿಲ್ಲ. ಕವಲು ಒಡೆಯುವ ಜಾಗ ತಪ್ಪಿದ್ದರಿಂದ ಹೀಗಾಯಿತು, ಅದನ್ನು ಕೂಡುರಸ್ತೆಗೆ ತಂದರೆ ಎಂಟೂ ಊರು ಬೆಳಗುತ್ತವೆ ಎಂದಳು. ಪ್ರವೀಣಕುಮಾರ ಮೇಜಿನ ಮೇಲೆ ಕಣ್ಣಿಟ್ಟು ಕೂತಿದ್ದ.

ಮ್ಯಾನೇಜರ್ ನಕ್ಕು ರಿಜಿಸ್ಟರಿನ ಪ್ರತಿಗಳನ್ನು ಮುಂದಿಟ್ಟರು. ‘ಈಕೆ ಹೇಳುವ ಮೂರೂ ಶಾಲೆಯಲ್ಲಿ ಪ್ರತಿದಿನ ಪಾಠ ತಲುಪಿದೆ ಎಂದು ಶಿಕ್ಷಕರೇ ಬರೆದಿದ್ದಾರೆ. ಹಿರೇಬಾವಿಯ ಮಾಸ್ತರು ಇಲ್ಲೇ ಇದ್ದಾರಲ್ಲ, ಕೇಳಿಬಿಡಿ.’

ಎಲ್ಲರೂ ನನ್ನ ಕಡೆ ತಿರುಗಿದರು. ತೊಂಬತ್ನಾಲ್ಕು ಸಹಿ. ಒಂದನ್ನು ಸುಳ್ಳೆಂದರೆ ಎಲ್ಲವೂ ಸುಳ್ಳು, ನೌಕರಿಯ ಮೇಲೆ ಬರುತ್ತದೆ. ಅಷ್ಟು ಹೊತ್ತು ಸಾಕಾಯಿತು ನನಗೆ ಅಂಜಲು.

‘ಒಮ್ಮೊಮ್ಮೆ ನಿಲ್ತದ್ರಿ’ ಎಂದೆ. ‘ಒಟ್ಟಿನ ಮ್ಯಾಲ ಬರ್ತದ.’

ಪರಿಮಳಾ ನನ್ನ ಕಡೆ ತಿರುಗಿದಳು. ‘ಒಟ್ಟಿನ ಮ್ಯಾಲ’ ಎಂದು ನನ್ನ ಮಾತನ್ನೇ ಒಮ್ಮೆ ಆಡಿ, ನೋಟುಬುಕ್ಕು ತೆಗೆದುಕೊಂಡು ಹೊರಗೆ ಹೋದಳು. ಆ ವಾರವೇ ಕಂಪನಿ ಆಕೆಯನ್ನು ತೆಗೆದುಹಾಕಿತು. ಯಂತ್ರ ಕಂಪನಿಯದಾಗಿತ್ತು, ದೋರನಹಳ್ಳಿಗೆ ಜೀಪು ಕಳಿಸಿ ಒಯ್ದರು. ಒಯ್ಯಲು ಹೋದವನು ಮನ್ಸೂರಅಲಿ. ಪೆಟ್ಟಿಗೆಯನ್ನು ಆಕೆ ತಾನೇ ಒರೆಸಿ ತಂದು ಜೀಪಿನಲ್ಲಿಟ್ಟಳಂತೆ. ನೋಟುಬುಕ್ಕನ್ನೂ ಕೇಳಿದರೆ, ‘ಅದು ನಂದು’ ಎಂದಳಂತೆ.

ನಾನು ಹಾಗೆಯೇ ಇದ್ದುಬಿಡುತ್ತಿದ್ದೆ. ಆ ವಿಷಯದಲ್ಲಿ ನನಗೆ ನನ್ನ ಬಗ್ಗೆ ಭ್ರಮೆಯಿಲ್ಲ. ಜನವರಿಯಲ್ಲಿ ದಾವಲಬೀ ಶಾಲೆಗೆ ಬಂದಳು. ಆಕೆ ನಮ್ಮ ಶಾಲಾ ಸಮಿತಿಯ ಸದಸ್ಯೆ, ಮೆಣಸಿನಕಾಯಿ ಬಿಡಿಸುವ ಕೂಲಿ ಮಾಡುವವಳು. ಮಗಳು ಹತ್ತನೆಯ ತರಗತಿ. ಕೈಯಿನ್ನೂ ಕೆಂಪಗೆ ಉರಿಯುತ್ತಿತ್ತೇನೋ, ಸೆರಗಿಗೆ ಒರೆಸಿಕೊಳ್ಳುತ್ತ ನಿಂತಿದ್ದಳು.

‘ಮಾಸ್ತರ್ರ, ನನ್ನ ಮಗಳಿಗಿ ಗಣಿತದಾಗ ಒಂಬತ್ತು ಬಂದಾವ. ಪಾಠ ಬರವಲ್ದು ಅಂತಾಳ. ನೀವು ಬಂದಾದ ಅಂತ ಬರೀತೀರಂತ. ನಂಗ ಓದಾಕ ಬರಲ್ಲ. ಆ ಬುಕ್ಕ ತಗದು ಏನು ಬರದೀರಿ ಓದಿ ಹೇಳ್ರಿ.’

ತರಗತಿಯಲ್ಲಿ ಹುಡುಗರಿದ್ದರು. ನಾನು ರಿಜಿಸ್ಟರ್ ತೆಗೆದೆ. ಜುಲೈ ಹದಿನೈದು, ಪಾಠ ತಲುಪಿದೆ. ಜುಲೈ ಹದಿನಾರು, ಪಾಠ ತಲುಪಿದೆ. ಆಕೆ ನಿಲ್ಲಿಸು ಎನ್ನಲಿಲ್ಲ. ಹಾಳೆ ತಿರುವುತ್ತ ಓದುತ್ತ ಹೋದೆ. ಆಗಸ್ಟಿನ ನಡುವೆ ಎಲ್ಲೋ ನನ್ನ ಬಾಯಿ ನಿಂತಿತು.

‘ಇನ್ನಾ ಅದಾವೇನು?’

‘ಅದಾವ.’

‘ಎಲ್ಲಾ ಹಿಂಗೇನಾ?’

‘ಎಲ್ಲಾ ಹಿಂಗೇ.’

‘ಖರೇ ಯಾವುದು ಅದರಾಗ?’

ಒಂದೂ ಇಲ್ಲ ಎಂದೆ. ಆಕೆ ಹೊರಗೆ ಹೋಗಿ ಉಗುಳಿದಳು. ನನ್ನ ಮೇಲಲ್ಲ, ನೆಲದ ಮೇಲೆ. ಆದರೆ ಯಾರಿಗೆಂದು ಎಲ್ಲರಿಗೂ ತಿಳಿಯಿತು.

ಅಂದು ಮಧ್ಯಾಹ್ನ ಕೂತು ಬರೆದೆ. ನನ್ನ ಸಹಿಗಳೆಲ್ಲ ಸುಳ್ಳು, ಅಂಜಿಕೆಯಿಂದ ಮಾಡಿದ್ದು, ಹಿರೇಬಾವಿಯ ಶಾಲೆಗೆ ಒಂದು ದಿನವೂ ಪೂರ್ತಿ ಪಾಠ ಬಂದಿಲ್ಲ ಎಂದು ಬರೆದು ಮೂರು ಪ್ರತಿ ಮಾಡಿದೆ. ಉಳಿದೆರಡು ಶಾಲೆಯ ಮಾಸ್ತರರ ಹತ್ತಿರ ಹೋದೆ. ಒಬ್ಬರು ಸಹಿ ಹಾಕಿದರು. ಇನ್ನೊಬ್ಬರು ಬಾಗಿಲಲ್ಲೇ ಕೈ ಮುಗಿದರು. ಮಾರನೆಯ ದಿನ ಬಸ್ಸು ಹಿಡಿದು ದೋರನಹಳ್ಳಿಗೆ ಹೋದೆ, ನೋಟುಬುಕ್ಕು ಕೇಳಲು.

ಪರಿಮಳಾ ಅಂಗಳದಲ್ಲಿ ಯಾರದೋ ಮಿಕ್ಸರ್ ಬಿಚ್ಚಿ ಕೂತಿದ್ದಳು. ಪತ್ರ ಓದಿದಳು.

‘ಈಗ ಬಂದೀರಿ.’

‘ತಡ ಆಯ್ತು.’

‘ತಡ ಅಂದ್ರ ಬಸ್ಸಿಗಿ ಅಂತಾರ. ಮಾರ್ಚಿಗಿ ಪರೀಕ್ಷಾ ಅದ.’

ತಿಮ್ಮಣ್ಣ ಒಳಗಿನಿಂದ ಬಂದು ಕುರ್ಚಿ ಹಾಕಿದ. ಚಹಾ ಮಾಡಿಸಲೇನು ಎಂದು ಕೇಳುತ್ತ ಅನುಮಾನಿಸಿದ.

‘ನಮ್ಮ ಮನ್ಯಾಗ ಕುಡೀತಾರೋ ಇಲ್ಲೋ ಮೊದಲ ಕೇಳಪ್ಪ’ ಎಂದಳು ಪರಿಮಳಾ, ತಲೆ ಎತ್ತದೆ.

ಕುಡಿದೆ. ಕುಡಿದದ್ದರಿಂದ ಆಕೆಯ ಮುಖದಲ್ಲಿ ಏನೂ ಬದಲಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ನೋಟುಬುಕ್ಕು ಕೈಗೆ ಕೊಡಲಿಲ್ಲ. ಶಹಾಪುರಕ್ಕೆ ನನ್ನ ಜೊತೆ ತಾನೇ ಬಂದು, ಪ್ರತಿ ಹಾಳೆಯ ಝೆರಾಕ್ಸ್ ಮಾಡಿಸಿ ಕೊಟ್ಟಳು.

ಝೆರಾಕ್ಸ್ ಸೇರಿಸಿ ಇಲಾಖೆಗೆ ಕೊಟ್ಟ ಪತ್ರದಿಂದ ತಕ್ಷಣ ಏನೂ ಆಗಲಿಲ್ಲ. ಆಗಿದ್ದು ದಾವಲಬೀಯಿಂದ. ಮೂರು ಊರಿನ ಹೆಂಗಸರನ್ನು ಕಟ್ಟಿಕೊಂಡು, ಮೂರು ಪರದೆಗಳನ್ನು ಟ್ರಾಕ್ಟರಿನಲ್ಲಿ ಹಾಕಿಸಿ, ಸುರಪುರದ ಶಿಕ್ಷಣ ಕಚೇರಿಯ ಮುಂದೆ ಇಳಿಸಿದಳು. ‘ನಿಮ್ಮ ಕನ್ನಡಿ ನೀವೇ ಇಟ್ಕೊಳ್ರಿ, ನಮ್ಮ ಮನ್ಯಾಗ ಅದಾವ’ ಎಂದಳು. ಬೆಳಿಗ್ಗೆಯಿಂದ ಸಂಜೆಯ ತನಕ ಪರದೆಗಳು ಬಿಸಿಲಿನಲ್ಲಿ ನಿಂತವು, ಹೆಂಗಸರೂ ನಿಂತರು. ತಪಾಸಣೆಗೆ ದಿನ ಗೊತ್ತುಮಾಡಿದರು, ಆಮೇಲೆ ಪರದೆಗಳು ಶಾಲೆಗಳಿಗೆ ಮರಳಿದವು.

ಫೆಬ್ರವರಿ ಹನ್ನೊಂದಕ್ಕೆ ಅಧಿಕಾರಿಗಳ ಮುಂದೆ ಮಿಲ್ಲಿನಿಂದ ಹಿರೇಬಾವಿಯ ತನಕ ಅಳೆದರು. ಮೀಟರ್ ಹಿಡಿದವನು ಪ್ರವೀಣಕುಮಾರ. ಪರಿಮಳಾಳನ್ನು ಕರೆದಿರಲಿಲ್ಲ. ಆಕೆ ಕರೆಯದೆ ಬಂದಿದ್ದಳು. ಮೊದಲ ಊರು: ಮೈನಸ್ ಆರು, ಮಂದ ಮಾಡುವ ತುಂಡು ತೆಗೆದ ಮೇಲೆ.

‘ಈ ತುಂಡು ಯಾಕ ಹಾಕ್ಯಾರ ಅಂತ ಕೇಳ್ರಿ’ ಎಂದಳು ಪರಿಮಳಾ.

ಅಧಿಕಾರಿ ಕೇಳಿದರು. ಬೆಳಕು ಹೆಚ್ಚಾಗಿತ್ತು ಎಂದ ಪ್ರವೀಣಕುಮಾರ. ಹೆಚ್ಚಾದದ್ದು ಎಲ್ಲಿ ಹೋಗುತ್ತದೆ ಎಂದು ಅಧಿಕಾರಿ ಕೇಳಿದರು. ‘ಎಲ್ಲೂ ಹೋಗಲ್ರಿ ಸರ್. ಸುಮ್ಮ ಹಾಳಾಗ್ತದ’ ಎಂದ ಅವನು. ಊರಿಂದ ಊರಿಗೆ ಹೋದಂತೆ ಬೆಳಕು ಕುಗ್ಗುತ್ತ ಬಂತು. ನಮ್ಮ ಶಾಲೆಯಲ್ಲಿ ಮೂವತ್ನಾಲ್ಕು ಬಂದಾಗ ಮ್ಯಾನೇಜರ್, ಜಾಯಿಂಟು ಕೆಟ್ಟಿರಬಹುದು ಎಂದು ಮತ್ತೆ ಶುರುಮಾಡಿದರು.

ಆಗ ಪ್ರವೀಣಕುಮಾರ ಮೀಟರನ್ನು ಬೆಂಚಿನ ಮೇಲಿಟ್ಟ. ‘ಜಾಯಿಂಟ್ ಬರೋಬ್ಬರಿ ಅದಾವ್ರಿ. ಇಷ್ಟೇ ಬರ್ತದ ಅಂತ ನಾ ಹಾಕೋಕಿಂತ ಮೊದಲೇ ಲೆಕ್ಕ ಮಾಡಿದ್ದೆ. ಗೊತ್ತಿದ್ದೇ ಮಿಲ್ಲಿಗಿ ಒಯ್ದೀವಿ.’ ಅದನ್ನು ಅಲ್ಲಿಯೇ ಬರೆದು ಸಹಿ ಮಾಡಿದ. ಎರಡು ತಿಂಗಳಲ್ಲಿ ಅವನನ್ನು ಬೇರೆ ರಾಜ್ಯಕ್ಕೆ ಹಾಕಿದರು. ಪರಿಮಳಾ ಅವನ ಬಗ್ಗೆ ಹೇಳಿದ್ದು ಒಂದೇ ಮಾತು: ‘ಬಾನೆಟ್ ಮ್ಯಾಲ ಬರದಾಗೇ ಹೇಳಿದ್ರ ಇವತ್ತು ಇಲ್ಲೇ ಇರ್ತಿದ್ದ.’

ಕವಲನ್ನು ಕರಿಬಂಡಿಯ ಕೂಡುರಸ್ತೆಗೆ ತರಲು ಆದೇಶವಾಯಿತು. ಸಾವ್ಕಾರ ಈ ಸಲ ಬರಲಿಲ್ಲ. ಕೆಲಸದ ಹಿಂದಿನ ದಿನ ಭವನದ ಮುಂದೆ ಯಾರೋ ಒಂದು ಟ್ರಾಲಿ ಕಸ ಸುರಿದು ಹೋಗಿದ್ದರು. ಕಂಪನಿ ತಂದ ಹೊಸ ಜೋಡಣೆಯವನು ಎರಡು ದಿನ ಧೂಳಿನಲ್ಲಿ ಹೆಣಗಿ ಬಿಟ್ಟುಹೋದ. ಕೊನೆಗೆ ಪರಿಮಳಾಳಿಗೇ ಫೋನು ಮಾಡಿದರು. ಆಕೆ ಎರಡು ಕಾಗದ ಕೇಳಿದಳು. ಒಂದು ಕೆಲಸದ ಆದೇಶ, ತನ್ನ ಹೆಸರಿನಲ್ಲಿ. ಇನ್ನೊಂದು, ಮೊದಲ ಜಾಯಿಂಟುಗಳಲ್ಲಿ ದೋಷವಿರಲಿಲ್ಲ ಎಂಬುದು. ಮೊದಲನೆಯದು ಬಂತು. ಎರಡನೆಯದು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಪರೀಕ್ಷೆ ಹತ್ತಿರ ಬಂದದ್ದರಿಂದ ಆಕೆ ಒಂದೇ ಕಾಗದಕ್ಕೆ ಒಪ್ಪಿದಳು.

ಕೇರಿಯವರು ಕಸ ಎತ್ತಿದರು. ತಿಮ್ಮಣ್ಣ ಅರವತ್ತರ ವಯಸ್ಸಿನಲ್ಲಿ ಹಾರೆ ಹಿಡಿದು ಬಂದು, ಕೂಡುರಸ್ತೆಯಿಂದ ಭವನದ ಗೋಡೆಯ ತನಕ ಹತ್ತು ಗಜ ತಗ್ಗು ತೋಡಿದ. ಪರಿಮಳಾ ಭವನದ ಕೋಣೆಯಲ್ಲಿ ಕೂತು ಒಂದೇ ದಿನದಲ್ಲಿ ಎಂಟು ಪಾಲು ಜೋಡಿಸಿದಳು. ಮಾರ್ಚ್ ಆರಕ್ಕೆ ಹಿರೇಬಾವಿಯಲ್ಲಿ ಮೀಟರ್ ಹಚ್ಚಿದಾಗ ಮೈನಸ್ ಹದಿನೇಳು ಪಾಯಿಂಟ್ ಒಂದು. ಹತ್ತೂವರೆಗೆ ಪಾಠ ಶುರುವಾಯಿತು, ಹನ್ನೊಂದೂಕಾಲಿಗೆ ಮುಗಿಯಿತು. ಸಮೀಕರಣದ ಎರಡೂ ಬದಿ ಕಂಡವು. ಹುಡುಗರಲ್ಲಿ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ತ್ರಿಕೋನಮಿತಿ ನಡೆಯುತ್ತಿತ್ತು, ಅವರಿಗೆ ಬೀಜಗಣಿತವೇ ಗೊತ್ತಿರಲಿಲ್ಲ.

ಎಂಟು ಊರಿಗೆ ಬೆಳಕು ಎಂದು ಪತ್ರಿಕೆಯೊಂದರಲ್ಲಿ ಫೋಟೋ ಬಂತು. ಫೋಟೋದಲ್ಲಿ ಸಾವ್ಕಾರ ಇದ್ದ, ಮ್ಯಾನೇಜರ್ ಇದ್ದರು, ಶಾಲು ಇತ್ತು. ಪರಿಮಳಾ ಆ ಪತ್ರಿಕೆ ಹಿಡಿದು ಸುರಪುರದ ವರದಿಗಾರನ ಅಂಗಡಿಗೆ ಹೋಗಿ, ಇದರಲ್ಲಿ ಯಾರಿಗೆ ಎಳೆ ಹಿಡಿಯಲು ಬರುತ್ತದೆ ಎಂದು ಕೇಳಿದಳು. ಅವನು ಮುಂದಿನ ಸಲ ಹಾಕುತ್ತೇನೆ ಎಂದ.

ನನ್ನ ಒಂದು ಇಂಕ್ರಿಮೆಂಟ್ ತಡೆದರು. ಅದನ್ನು ನಾನು ಆಕೆಗೆ ಯಾಕೆ ಹೇಳಿದೆನೋ, ಬಹುಶಃ ಏನನ್ನೋ ಕೇಳಿಕೊಳ್ಳಲು. ‘ನಿಮಗ ಇಂಕ್ರಿಮೆಂಟ್ ಹೋಯ್ತು’ ಎಂದಳು. ‘ಹುಡುಗ್ರಿಗಿ ವರ್ಷ ಹೋಯ್ತು. ಎರಡೂ ಒಂದೇ ತಕ್ಕಡ್ಯಾಗ ಇಡಬ್ಯಾಡ್ರಿ.’

ಈಗ ಆಕೆ ಯಾವ ಕಂಪನಿಯಲ್ಲೂ ಇಲ್ಲ. ಹೈದರಾಬಾದಿನಿಂದ ಹಳೆಯ ಯಂತ್ರವೊಂದನ್ನು ತಂದು ಸ್ವಂತ ಕೆಲಸ ಹಿಡಿಯುತ್ತಾಳೆ. ಕರಿಬಂಡಿಯ ಕೇರಿಯ ಲಕ್ಷ್ಮಿ ಎಂಬ ಹೆಂಗಸಿಗೆ ಜೋಡಣೆ ಕಲಿಸಿದ್ದಾಳೆ. ಎಂಟು ಊರಿನ ಕವಲು ಈಗ ಲಕ್ಷ್ಮಿಯ ಸುಪರ್ದಿಯಲ್ಲಿದೆ. ಶಹಾಪುರದ ಕಡೆ ಹೊಸ ಲೈನು ಬರುತ್ತಿದೆ. ಅಲ್ಲಿಯ ಇಂಜಿನಿಯರಿಗೆ ಪರಿಮಳಾ ಮೊದಲು ಕೇಳಿದ್ದು, ಕಡೆಯ ಊರು ಯಾವುದು, ಅಲ್ಲಿಗೆ ಏನು ಮುಟ್ಟುತ್ತದೆ, ಬರೆದುಕೊಡಿ ಎಂದು. ಅವನು ಆಕೆಯನ್ನು ಜಗಳಗಂಟಿ ಎನ್ನುತ್ತಾನಂತೆ. ಬರೆದು ಮಾತ್ರ ಕೊಟ್ಟಿದ್ದಾನೆ.

ಆ ವರ್ಷ ನನ್ನ ತರಗತಿಯಲ್ಲಿ ಇಪ್ಪತ್ತಾರು ಮಕ್ಕಳಿದ್ದರು. ಗಣಿತದಲ್ಲಿ ಹದಿನೈದು ಜನ ಫೇಲಾದರು. ಮರುಪರೀಕ್ಷೆಗೆ ನಾನು ಬೇಸಿಗೆಯಲ್ಲಿ ಕೂಡಿಸಿಕೊಂಡು ನನಗೆ ಬಂದಷ್ಟು ಹೇಳಿದೆ. ದಾವಲಬೀಯ ಮಗಳೂ ಸೇರಿ ಹನ್ನೊಂದು ಜನ ಪಾಸಾದರು. ನಾಲ್ವರು ಪರೀಕ್ಷೆಗೇ ಬರಲಿಲ್ಲ. ಮೇ ತಿಂಗಳಲ್ಲೇ ಅವರ ಮನೆಯವರು ಅವರನ್ನು ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ ಕರೆದೊಯ್ದಿದ್ದರು. ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ಅವರ ಮನೆಗಳಿಗೆ ಹೋಗಿದ್ದೆ. ಒಂದು ಮನೆಯಲ್ಲಿ ಗಣಿತದ ನೋಟುಬುಕ್ಕನ್ನು ಅಜ್ಜಿ ತೆಗೆದು ತೋರಿಸಿದಳು, ಮೊಮ್ಮಗಳು ಚೆನ್ನಾಗಿ ಬರೆಯುತ್ತಿದ್ದಳಲ್ಲವೇ ಎಂದು ಕೇಳಿದಳು. ಹಾಳೆಯ ತುಂಬ ಸಮೀಕರಣದ ಎಡಭಾಗಗಳಿದ್ದವು. ದುಂಡಗಿನ ಅಕ್ಷರ, ಒಂದೂ ಕಾಟು ಇರಲಿಲ್ಲ.